ಒಂದು ವಿಶೇಷಣಕ್ಕಾಗಿ

ಬೆಳಿಗ್ಗೆ ಗೋಣಿಕೊಪ್ಪದಿಂದ ಹಂಸಾಕನ ಫೋನು:
'ಚೆರಿ ಚೀಲಕ್ಕೆ ನಾನೂರು ಏರಿದೆ, ಸಾರ್.
ಅಲ್ಲೆಲ್ಲೋ ಮಿಲಿಟರಿಯವರು ಗದ್ದುಗೆ ಹಿಡಿದರಂತೆ,
ಬಂದರು ಮುಚ್ಚಿದೆಯಂತೆ. ಈಗಲೇ ಕೊಟ್ಟುಬಿಡಿ.'

ಅಲ್ಲೆಲ್ಲೋ ಎಂಬ ಊರಿನ ಹುಡುಗ
ನನ್ನ ಕಣದಲ್ಲೇ ನಿಂತಿದ್ದ, ಬರಿಗಾಲಲ್ಲಿ
ಕಾಫಿ ಹಣ್ಣನ್ನು ಸಾಲುಸಾಲಾಗಿ ಮಗುಚುತ್ತ.
ಅಮ್ಮ ಹೀಗೇ ಮಾಡುವುದು ಅಂತ ಕಲಿಸಿದ್ದ,
ಗೋರುಮಣೆಯನ್ನೇ ನಂಬಿಕೊಂಡಿದ್ದ ನನಗೆ.
ಹೆಸರು ಬಾಕಾರಿ. ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ, ಎರಡನೇ ವರ್ಷ.
ಮಹಡಿಯ ಕೋಣೆ, ಬಾಡಿಗೆ ಎರಡೂವರೆ ಸಾವಿರ.
ಅವನ ಫೋನಿನಲ್ಲಿ ಅಮ್ಮನ ಮನೆಯ ಗಂಟೆ ಆಗುತ್ತಿತ್ತು.
ಗಂಟೆ ಮಾತ್ರ.

ನಾನು ರಾಯಭಾರ ಕಚೇರಿಯ ಸಂಕೇತ ಗುಮಾಸ್ತನಾಗಿದ್ದವ.
ಇಪ್ಪತ್ತೆಂಟು ವರ್ಷ, ಐದು ರಾಜಧಾನಿ, ಎರಡು ಕ್ಷಿಪ್ರಕ್ರಾಂತಿ.
ಹಂಸಾಕನಿಗೆ ಚೀಲದ ತೂಕ ಗೊತ್ತಿರುವ ಹಾಗೆ
ನನಗೆ ಪದದ ತೂಕ ಗೊತ್ತು:
'ಗಮನಿಸಿದ್ದೇವೆ' ಅಂದರೆ ಹಸಿ ಹಣ್ಣು.
'ಕಳವಳ' ನಾಲ್ಕು ಬಿಸಿಲು ಕಂಡದ್ದು.
'ತೀವ್ರ ಕಳವಳ' ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ.
'ಖಂಡನೆ' ಪೂರ್ತಿ ಒಣಗಿ ಗೋದಾಮಿಗೆ ಹೋದದ್ದು;
ಅದನ್ನು ಯಾರೂ ಹೊರಗೆ ತೆಗೆದದ್ದು ನಾನು ನೋಡಲಿಲ್ಲ.

ಒಂದು ರಾತ್ರಿ. ಬೇರೆ ದೇಶ, ಬೇರೆ ಟ್ಯಾಂಕು.
'ತೀವ್ರ' ಬೇಕೋ ಬೇಡವೋ ಅಂತ ದೆಹಲಿ ಯೋಚಿಸುತ್ತಿತ್ತು.
ಪಕ್ಕದ ರಾಯಭಾರಿಗಳ ದೀಪವೂ ಆರಿರಲಿಲ್ಲ,
ಮೊದಲು ಯಾರು ಬಾಯಿ ಬಿಡುತ್ತಾರೆ ನೋಡೋಣ ಅಂತ.
ನಮ್ಮ ಗೇಟಿನ ಹೊರಗೆ, ಉರುಳಿಬಿದ್ದ ಮಂತ್ರಿಯ ಡ್ರೈವರು,
ಅವನ ಹೆಂಡತಿ, ಅವಳ ಕಂಕುಳಲ್ಲಿ ಮಗು,
ಅವನ ಕೈಯಲ್ಲೊಂದು ಟೇಬಲ್ ಫ್ಯಾನು.
ಫ್ಯಾನು ಯಾಕೆ ಅಂತ ಇವತ್ತಿಗೂ ನನಗೆ ಹೊಳೆದಿಲ್ಲ.
ಪ್ರಕಟಣೆ ಬರುವವರೆಗೆ ಗೇಟು ತೆರೆಯುವ ಹಾಗಿಲ್ಲ.
ಬೆಳಗಿನ ಜಾವ ಬಂತು. ಐದೈದು ಅಕ್ಷರದ ಗುಂಪು
ಒಂದೊಂದೇ ಬಿಡಿಸಿದೆ.
'ತೀವ್ರ' ಇರಲಿಲ್ಲ.
ಗೇಟಿನ ಹೊರಗೆ ಫ್ಯಾನು ಮಾತ್ರ ಇತ್ತು.

ಈಗ ಟಿವಿಯಲ್ಲಿ ಅವೇ ಪದಗಳು, ಹೊಸ ಬಾಯಿಗಳು.
ಒಂದು ಒಕ್ಕೂಟ ಸದಸ್ಯತ್ವ ಅಮಾನತು ಮಾಡಿತು,
ಒಂದು ನೆರೆದೇಶ ಗಡಿಯ ಬಾಗಿಲೆಳೆಯಿತು,
ಒಂದು ದೊಡ್ಡ ದೇಶ 'ಕ್ರಾಂತಿ' ಎಂಬ ಪದವನ್ನೇ ಬಳಸಲಿಲ್ಲ.
ಬಳಸಿದರೆ ಕೊಡುವ ಹಣ ನಿಲ್ಲಿಸಬೇಕಲ್ಲ.

ವೀಸಾ ಮುಗಿಯುತ್ತ ಬಂದಿತ್ತು. ಮಡಿಕೇರಿಗೆ ಹೋದೆವು.
ಬಾಕಾರಿಯ ಕೈಯಲ್ಲಿ ಎರಡು ಪತ್ರ:
ಹೊಸಬರನ್ನು ಒಪ್ಪದ ರಾಯಭಾರಿಯದೊಂದು,
ಒಪ್ಪಿದ ಉಪರಾಯಭಾರಿಯದೊಂದು.
ಒಂದೇ ಲಾಂಛನ, ಒಂದೇ ವಿಳಾಸ,
ಒಂದೇ ಕಟ್ಟಡದ ಎರಡು ಮಹಡಿ.
ಗುಮಾಸ್ತೆ ಬೊಳ್ಳಮ್ಮ ಎರಡನ್ನೂ ಬೆಳಕಿಗೆ ಹಿಡಿದಳು.
'ಯಾವುದು ಸರ್ಕಾರ ಅಂತ ನಾನು ತೀರ್ಮಾನಿಸೋದಾ, ಅಂಕಲ್?
ಸುತ್ತೋಲೆ ಬರಲಿ' ಅಂದು, ಮೇಲೊಂದು ಪಂಚ್ ಮೆಷಿನ್ ಇಟ್ಟಳು.

ಬಸ್ಸಿಗೆ ಹೊತ್ತಿತ್ತು. ಕೋಟೆಗೆ ಕರೆದುಕೊಂಡು ಹೋಗಿ
ಕಲ್ಲಾನೆ ತೋರಿಸಿದೆ. ಇಲ್ಲೂ ಒಂದು ಏಪ್ರಿಲಿನಲ್ಲಿ
ಒಂದು ಬಾವುಟ ಇಳಿದು ಇನ್ನೊಂದು ಏರಿತ್ತು ಅಂದೆ.
'ಆಗ ಬೇರೆ ದೇಶಗಳು ಏನಂದವು?' ಕೇಳಿದ.
ಸೊಂಡಿಲಿನ ಮೇಲೆ ಯಾವನೋ ಪ್ರೇಮಿ ಗೀಚಿದ ಹೆಸರನ್ನು
ನಾನು ಬಹಳ ಹೊತ್ತು ಓದಿದೆ.

ನಲವತ್ತು ಚೀಲ ನಾನು ಮೂರನೇ ದಿನವೇ ಕೊಟ್ಟಿದ್ದೆ.
ಹೆಚ್ಚಿಗೆ ಸಿಕ್ಕಿದ್ದು ಹದಿನಾರು ಸಾವಿರ.
ಹುಡುಗನಿಗೆ ಮೂರು ತಿಂಗಳ ಬಾಡಿಗೆ ಬಿಟ್ಟೆ,
ಏಳೂವರೆ ಕಳೆಯಿತು.
ಉಳಿದ ಎಂಟೂವರೆ ಸಾವಿರಕ್ಕೆ
ಯಾವ ವಿಶೇಷಣ ಹಚ್ಚಲಿ?

ಹೂಮಳೆ ಬಿದ್ದು ಒಂಬತ್ತನೇ ದಿನ, ತೋಟವೆಲ್ಲ ಬೆಳ್ಳಗೆ.
ಮತ್ತೆ ಹಂಸಾಕ: 'ರೇಟು ಇಳೀತು, ಸಾರ್.
ಬಂದರು ತೆರೆದರಂತೆ, ದೊಡ್ಡವರೆಲ್ಲ ಒಪ್ಪಿಕೊಂಡರಂತೆ.
ನಿಮ್ಮ ಹುಡುಗನಿಗೆ ಹೇಳಿ,
ಅವನ ಊರಲ್ಲಿ ಎಲ್ಲ ಸರಿಹೋಯ್ತು.'

ಹೇಳಲು ಮೆಟ್ಟಿಲ ಬುಡದವರೆಗೆ ಹೋದೆ.
ಮೇಲೆ, ಬಾಗಿಲ ಹಿಂದೆ, ಸ್ಪೀಕರಿನಲ್ಲಿ
ಗಂಟೆ ಆಗುತ್ತಲೇ ಇತ್ತು.